ಒಂದು ಮೊಳ ಫಿಲ್ಮು

ಬೆಂಕಿ ಹಚ್ಚಿದವನು ನಾನು, ಮುನಿಯಮ್ಮ. ನಿನ್ನ ದೀಪದಿಂದ ಅದು ಹತ್ತಲಿಲ್ಲ. ಕೆಂಚಾರ್ಲಹಳ್ಳಿಯ ರೇಷ್ಮೆಹುಳುವಿನ ಮನೆಯಲ್ಲಿ ಆ ಮಧ್ಯಾಹ್ನ ನಿನ್ನ ಅಪ್ಪನ ತೊಗಲುಗೊಂಬೆಗಳು ಸುಟ್ಟು ಬೂದಿಯಾದದ್ದು ನನ್ನ ಕೈಯ ಒಂದು ಬೆಂಕಿಕಡ್ಡಿಯಿಂದ — ಬೇಕೆಂದೇ, ಹೊತ್ತು ನೋಡಿ, ಕ್ಯಾಮೆರಾ ಓಡುತ್ತಿರುವಾಗ ಗೀರಿದ ಕಡ್ಡಿಯಿಂದ.

ಇಷ್ಟು ಬರೆಯಲು ನನಗೆ ಹತ್ತಿರ ಹತ್ತಿರ ನಲವತ್ತು ವರ್ಷ ಹಿಡಿಯಿತು. ಬರೆದ ಮೇಲೆ ಪೆನ್ನು ಕೆಳಗಿಟ್ಟು, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ನಿನಗೆ ಓದು ಬಾರದೆಂದು ಗೊತ್ತು. ಇದನ್ನು ನಾನೇ ನಿನ್ನೆದುರು ಕೂತು ಓದಬೇಕು. ಬಾಯಲ್ಲೇ ಹೇಳಬಹುದಲ್ಲ, ಬರೆದುಕೊಂಡು ಬರುವುದೇಕೆ ಎಂದು ಕೇಳುತ್ತೀಯೇನೋ — ಬಾಯಲ್ಲಿ ಹೇಳ ಹೊರಟರೆ ನಾನು ಕಥೆ ಕಟ್ಟುತ್ತೇನೆ. ಅದೇ ನನ್ನ ಕಸುಬಾಗಿತ್ತು. ಎಲ್ಲಿ ತಗ್ಗಿಸಬೇಕು, ಎಲ್ಲಿ ಕಣ್ಣೀರು ತರಿಸಬೇಕು ಎಂಬುದು ನನಗೆ ಗೊತ್ತು. ಅದನ್ನೂ ನಿಮ್ಮ ಮನೆಯಲ್ಲೇ ಕಲಿತೆ.

ಅಲ್ಲಿಂದಲೇ ಶುರು ಮಾಡಬೇಕು. ಏಕೆಂದರೆ ನಾನು ಸುಟ್ಟದ್ದು ಯಾರದೋ ಗೊಂಬೆಗಳನ್ನಲ್ಲ.

ನಮ್ಮದು ನಗರಗೆರೆ ಹೋಬಳಿಯ ಹಳ್ಳಿ, ಪಟೇಲರ ಮನೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಿನ್ನ ಅಪ್ಪ ಗಂಗುಲಪ್ಪನ ಗಾಡಿ ಬಂದು ಊರಾಚೆಯ ಹುಣಿಸೆ ತೋಪಿನಲ್ಲಿ ನಿಲ್ಲುತ್ತಿತ್ತು. ಊರೊಳಗೆ ಬಿಡಾರ ಹೂಡಲು ನಮ್ಮವರು ಬಿಡುತ್ತಿರಲಿಲ್ಲ. ಆಟ ಮಾತ್ರ ಊರೊಳಗೆ ಬೇಕಾಗಿತ್ತು. ನನಗೆ ಆಗ ಹದಿನೇಳು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಗೌರಿಬಿದನೂರಿನ ಟೆಂಟಿನಲ್ಲಿ ಒಂದೇ ಸಿನಿಮಾವನ್ನು ಹತ್ತು ಸಲ ನೋಡಿ, ಅಪ್ಪನ ಕೈಯಲ್ಲಿ ಬೈಸಿಕೊಂಡು ತಿರುಗುತ್ತಿದ್ದ ಹುಂಬ. ಬೆಳಕಿನಲ್ಲಿ ಮನುಷ್ಯರು ಹೇಗೆ ಮೂಡುತ್ತಾರೆ ಎಂಬುದೊಂದೇ ನನ್ನ ಹುಚ್ಚು. ಟೆಂಟಿನ ಪರದೆಯ ಹಿಂದೆ ಹೋಗಿ ನೋಡಿದೆ — ಗೂಟ, ಹಗ್ಗ, ಧೂಳು ಇಷ್ಟೇ. ನಿಮ್ಮ ತೆರೆಯ ಹಿಂದೆ ಹೋದ ದಿನ ಮಾತ್ರ ನನಗೆ ಬೇಕಾದದ್ದೆಲ್ಲ ಅಲ್ಲಿತ್ತು.

ನಿನಗೆ ನೆನಪಿದೆಯೋ ಇಲ್ಲವೋ. ನೀನು ಇನ್ನೂ ಲಂಗ ಉಡುವ ಹುಡುಗಿ. ಹಗಲು ಹೊತ್ತು, ನೀನು ಆಟಕ್ಕೆ ತೆರೆ ಕಟ್ಟುತ್ತಿದ್ದೆ. ಬಲ ಮೊಣಕೈಯನ್ನು ತೆರೆಗೆ ತಾಗಿಸಿ, ಬೆರಳು ಚಾಚಿ, ಬೆರಳ ತುದಿ ಮುಟ್ಟಿದ ಕಡೆ ನೆಲದಲ್ಲಿ ಗೆರೆ ಎಳೆದು ಅಲ್ಲಿ ಹರಳೆಣ್ಣೆಯ ದೀಪ ಇಟ್ಟೆ. ನಾನು ನಗುತ್ತಾ, "ಇದೇನು ಅಳತೆ?" ಎಂದೆ.

"ಒಂದು ಮೊಳ ಅಣ್ಣ. ಅದಕ್ಕಿಂತ ಹತ್ರ ಬಂದ್ರೆ ತೆರೆ ಸುಡ್ತದೆ, ದೂರ ಹೋದ್ರೆ ಗೊಂಬೆ ಸಾಯ್ತದೆ," ಎಂದೆ ನೀನು. ಇಷ್ಟು ದೊಡ್ಡವನಿಗೆ ಇದೂ ಗೊತ್ತಿಲ್ಲವಲ್ಲ ಎಂಬ ಮುಖ ಮಾಡಿಕೊಂಡು ಬತ್ತಿ ತಿದ್ದಲು ಕೂತೆ.

ಮೂರು ಸುಗ್ಗಿ ನಾನು ನಿಮ್ಮ ಹಿಂದೆ ಬಿದ್ದೆ. ಚಿಂತಾಮಣಿ ಕಡೆಯ ಹಳ್ಳಿಗಳಿಗೆಲ್ಲ ನಿಮ್ಮ ಗಾಡಿಯ ಹಿಂದೆ ಸೈಕಲ್ಲಿನಲ್ಲಿ ಬಂದೆ. ನಿಮ್ಮ ಬಿಡಾರದಲ್ಲಿ ಮುದ್ದೆ ಉಂಡು, ಮನೆಗೆ ಹೋಗಿ ನೆಂಟರ ಮನೆಯಲ್ಲಿ ಉಂಡೆ ಎಂದೆ. ಗಂಗುಲಪ್ಪ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಒಬ್ಬನೇ ರಾಕ್ಷಸನಿಗೆ ಮೂರು ಗೊಂಬೆ ಏಕೆ — ದೂರದವನು ಸಣ್ಣ, ಎದುರು ನಿಂತವನು ದೊಡ್ಡ, ಸಾಯುವವನು ಮತ್ತೆ ಸಣ್ಣ. ಕೋಪ ಬಂದವನನ್ನು ತೆರೆಯಿಂದ ಈಚೆ ಸರಿಸಿ ದೀಪದ ಹತ್ತಿರ ತಂದರೆ ನೆರಳು ಹೇಗೆ ಗೋಡೆಯಷ್ಟು ಬೆಳೆಯುತ್ತದೆ. "ಎರಡು ಕೈಯೂ ಆಡಿಸ್ಬೇಡ ನಾಯನಾ. ಎರಡೂ ಆಡಿದ್ರೆ ಜನ ಯಾವ್ದನ್ನೂ ನೋಡಲ್ಲ. ಒಂದು ಆಡ್ಲಿ, ಒಂದು ಸುಮ್ಕಿರ್ಲಿ." ಸಾವಿಗೆ ಮುಂಚೆ ತೆರೆಯನ್ನು ಒಂದು ಗಳಿಗೆ ಖಾಲಿ ಬಿಡು ಎಂದದ್ದೂ ಅವನೇ. "ಖಾಲಿ ತೆರೆ ನೋಡಕ್ಕೆ ಜನ ಎದರ್ತಾರೆ. ಆ ಎದರಿಕೆನೇ ನಿನ್ನ ಆಸ್ತಿ."

ಅವನಿಗೆ ನಾನು ನಾಯನಾ, ತೆಲುಗಿನಲ್ಲಿ ಮಗನೇ ಎಂದ ಹಾಗೆ. ನನಗೆ ಅವನು ಗಂಗುಲಪ್ಪ — ಬರೀ ಗಂಗುಲಪ್ಪ, ಏಕವಚನ. ನನ್ನ ಅಪ್ಪನಿಗಿಂತ ಹಿರಿಯ, ನನಗೆ ವಿದ್ಯೆ ಕೊಟ್ಟವನು. ಪಟೇಲನ ಮಗನ ನಾಲಿಗೆಗೆ ಗುರು ಎಂಬ ಮಾತು ಬರಲಿಲ್ಲ. ಈಗಲೂ ನೋಡು, ಬರೆಯುವಾಗ 'ಅವನು' ಎಂದೇ ಬರುತ್ತಿದೆ. ತಿದ್ದೋಣ ಎಂದುಕೊಂಡೆ. ಬೇಡ, ಇರಲಿ — ನಾನು ಎಂಥವನೆಂದು ಅದೂ ಹೇಳಲಿ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಒಮ್ಮೆ ಒಂದು ಹಳೆಯ ರಾಣಿಯ ಗೊಂಬೆ ಹೊಲಿಯಲಾರದಷ್ಟು ಹರಿದುಹೋಯಿತು. ನಿನ್ನ ಅಪ್ಪ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮಡಿಲಿಗೆ ಅಕ್ಕಿ ಹಾಕಿ, ಕೆರೆಗೆ ಸೊಂಟದ ಮಟ್ಟ ಇಳಿದು ನೀರಿಗೆ ಬಿಟ್ಟ. ನೀನು ದಡದಲ್ಲಿ ನಿಂತು ಅತ್ತೆ. ಸುಟ್ಟರೆ ಆಗದೇ ಎಂದು ನಾನು ಕೇಳಿದೆ. ಅವನು ನನ್ನನ್ನು ನೋಡಿದ ರೀತಿ —

"ತೊಗಲು ಒಂದು ಸಲ ಸತ್ತೈತೆ ನಾಯನಾ. ಎರಡನೇ ಸಲ ಸುಡಬಾರ್ದು," ಎಂದ.

ಇದು ನನಗೆ ಗೊತ್ತಿತ್ತು ಮುನಿಯಮ್ಮ. ಗೊತ್ತಿಲ್ಲದೆ ಮಾಡಿದವನಲ್ಲ ನಾನು.

ಆಮೇಲೆ ಮದರಾಸಿಗೆ ಹೋದೆ. ಸ್ಟುಡಿಯೋಗಳಲ್ಲಿ ಲೈಟು ಹೊತ್ತೆ, ವೈರು ಸುತ್ತಿದೆ, ಬೈಗುಳ ತಿಂದೆ. ಅಲ್ಲಿ ಯಾರೂ ನನಗೆ ಏನನ್ನೂ ಕಲಿಸಲಿಲ್ಲ, ಆ ಮಾತು ನಿಜ. ಆದರೆ ಅವರು ಮಾಡುತ್ತಿದ್ದುದೆಲ್ಲ ನನಗೆ ಮೊದಲೇ ಗೊತ್ತಿತ್ತು. ಕ್ಯಾಮೆರಾ ಹತ್ತಿರ ಹೋಗುವುದು, ದೂರ ಸರಿಯುವುದು, ಖಾಲಿ ಬಾಗಿಲನ್ನು ಸುಮ್ಮನೆ ನೋಡುತ್ತ ನಿಲ್ಲುವುದು — ಇದೆಲ್ಲ ಹುಣಿಸೆ ತೋಪಿನಲ್ಲಿ ಆಗಿಹೋಗಿತ್ತು. ನಾಲ್ಕೈದು ವರ್ಷ ಕಳೆದು, ಸೋದರಮಾವನ ಹಠವೂ ಮನೆಯ ಕಡಲೆಕಾಯಿ ಬೆಳೆಯೂ ಸೇರಿ ನನ್ನ ಕೈಗೆ ಒಂದು ಸಿನಿಮಾ ಬಂತು. ಕಥೆ ಒಬ್ಬ ಗೊಂಬೆಯವನದು. ಬೇರೆ ಕಥೆ ನನ್ನಲ್ಲಿ ಎಲ್ಲಿತ್ತು? ಕೊನೆಯಲ್ಲಿ ಅವನ ತೆರೆಗೆ ಬೆಂಕಿ ಬೀಳುತ್ತದೆ, ಗೊಂಬೆಗಳು ಉರಿದುಹೋಗುತ್ತವೆ. ಬರೆಯುವಾಗ ಅದು ಕಾಗದದ ಮೇಲಿನ ಬೆಂಕಿ.

ನಿಮ್ಮೂರು ಕೆಂಚಾರ್ಲಹಳ್ಳಿಗೆ ನಾನು ಬಂದು ಕೇಳಿದಾಗ ನಿನ್ನ ಅಪ್ಪ ಎಷ್ಟು ಹಿಗ್ಗಿದ! ಅಷ್ಟು ಹೊತ್ತಿಗೆ ಊರೂರಿಗೆ ಟೆಂಟು ಬಂದು ನಿಮ್ಮ ಆಟ ಕರೆಯುವವರು ಕಡಿಮೆಯಾಗಿದ್ದರು. "ನಮ್ಮ ಗೊಂಬೆಗಳೂ ಸಿನಿಮಾದಾಗೆ ಆಡ್ತವೆ ಅನ್ನು," ಎಂದು ಪೆಟ್ಟಿಗೆ ಬಿಚ್ಚಿ, ಗೊಂಬೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ತೋರಿಸಿದ. ಆಟದ ಶಾಟುಗಳಿಗೆ ಅಸಲಿ ಗೊಂಬೆ, ಬೆಂಕಿಯ ಶಾಟಿಗೆ ನಾವೇ ಮಾಡಿದ ರಟ್ಟಿನ ಗೊಂಬೆ — ಹಾಗೆಂದು ಮಾತಾಯಿತು. ಮಾತು ಕೊಟ್ಟವನು ನಾನು.

ಊರಿನ ಒಬ್ಬ ರೈತನ ಹುಳು ಸಾಕುವ ಮನೆ ಬೆಳೆ ಮುಗಿದು ಖಾಲಿ ಇತ್ತು. ಹುಳುವಿಗೆ ಬಿಸಿಲು, ಗಾಳಿ ತಾಗದಂತೆ ಕಿಟಕಿಗೆಲ್ಲ ಗೋಣಿ ಹೊಡೆದು ಕತ್ತಲು ಮಾಡಿದ್ದ ಮನೆ. ನಟ್ಟನಡು ಹಗಲಲ್ಲಿ ನನಗೆ ಬೇಕಾದ ರಾತ್ರಿ ಅಲ್ಲಿ ಸಿದ್ಧವಾಗಿತ್ತು. ಮೇಲೆ ಎರಡು ಹೆಂಚು ತೆಗೆಸಿ, ತಗಡಿನ ಹಲಗೆ ಹಿಡಿಸಿ, ಬೇಕಾದಷ್ಟು ಬೆಳಕು ಒಳಗೆ ತಿರುಗಿಸಿದೆ. ಹುಳುವಿನಿಂದ ಗೂಡು ಕಟ್ಟಿಸುವ ಬಿದಿರಿನ ಚಂದ್ರಂಕಿ ತಟ್ಟಿಗಳನ್ನು ಗೋಡೆಗೆ ಒರಗಿಸಿ ಜಾಗ ಮಾಡಿಕೊಂಡೆವು. ಮದರಾಸಿನ ಕ್ಯಾಮೆರಾದವನು ಕೂಡ ತಲೆದೂಗಿದ.

ರಟ್ಟಿನ ಗೊಂಬೆ ಸುಟ್ಟು ನೋಡಿದೆವು. ಹಳೆಯ ಪಂಚಾಂಗ ಸುಟ್ಟಂತೆ ಕಂಡಿತು. ತೆರೆಗೆ ಕಟ್ಟಿದರೆ ಅದರೊಳಗೆ ಬೆಳಕೇ ಹಾಯುತ್ತಿರಲಿಲ್ಲ, ಕಪ್ಪು ಚೌಕ ಉರಿದು ಬೀಳುತ್ತಿತ್ತು ಅಷ್ಟೆ. ಒಂದೇ ಒಂದು ಹಳೆಯ ತೊಗಲು ಕೊಡು ಎಂದು ನಿನ್ನ ಅಪ್ಪನನ್ನು ಕೇಳಿದೆ. ಅವನು ಬಯ್ಯಲಿಲ್ಲ. ತಲೆಯನ್ನು ಮೆಲ್ಲಗೆ ಅಡ್ಡಡ್ಡ ಆಡಿಸಿದ. ಆಯಿತು ಬಿಡು ಎಂದೆ, ನಗುತ್ತಲೇ ಎಂದೆ. ಕ್ಯಾಮೆರಾ ಮರುದಿನ ವಾಪಸು ಹೋಗಬೇಕಿತ್ತು. ಆ ನಗುವಿನ ಹಿಂದೆಯೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಒಂದೆರಡು ಗೊಂಬೆಗೆ ತಾಗುತ್ತದೆ, ತಕ್ಷಣ ನೀರು ಹಾಕಿ ಆರಿಸುತ್ತೇವೆ, ಆಮೇಲೆ ಕಾಲಿಗೆ ಬಿದ್ದರಾಯಿತು — ಹೀಗೆಲ್ಲ ಅಂದುಕೊಂಡೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅಂದುಕೊಂಡೆನೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ. ನೀರಿನ ಕೊಡಗಳನ್ನಂತೂ ಒಳಗೆ ತರಿಸಿರಲಿಲ್ಲ.

ನಿನ್ನ ಅಪ್ಪನನ್ನು ಬೇಕೆಂದೇ ಚಿಂತಾಮಣಿಗೆ ಕಳಿಸಿದೆ. ಹಾರ್ಮೋನಿಯಂ ತಿದಿ ಸೀಳಿತ್ತು, ರಿಪೇರಿ ಮಾಡಿಸಿಕೊಂಡು ಬಾ, ನಾಳೆ ಹಾಡಿನ ಶಾಟಿಗೆ ಬೇಕು ಎಂದೆ. ಮರುದಿನ ಕ್ಯಾಮೆರಾವೇ ಇರುವುದಿಲ್ಲವೆಂದು ಅವನಿಗೆ ಯಾರು ಹೇಳಬೇಕು? ಹೋಗುವ ಮುಂಚೆ ಅವನು ಗಣಪತಿಯ ಗೊಂಬೆಗೆ ಪೂಜೆ ಮಾಡಿ, ಅದನ್ನು ಮಡಿಬಟ್ಟೆಯಲ್ಲಿ ಸುತ್ತಿ ಹೊರಗೋಡೆಯ ಗೂಡಿನಲ್ಲಿಟ್ಟ. ಉಳಿದ ಗೊಂಬೆಗಳನ್ನು ಆಟದ ಸರದಿಯಂತೆ ತೆರೆಯ ಪಕ್ಕದ ಹಗ್ಗಕ್ಕೆ ತೂಗುಹಾಕಿದ. "ನಾನು ಬರೋವರ್ಗೂ ಮುನಿಯಮ್ಮ ನೋಡ್ಕೊಂತಾಳೆ," ಎಂದು ಬಸ್ಸು ಹತ್ತಿದ.

ನೀನು ತೆರೆಯ ಹಿಂದೆ ಕೂತೆ. ಮೊಣಕೈ ತಾಗಿಸಿ ಅಳೆದೆ, ಗೆರೆ ಎಳೆದೆ, ದೀಪ ಇಟ್ಟೆ. ಕ್ಯಾಮೆರಾ ಹಿಂದುಗಡೆ ಒಂದು ಮೂಲೆಯಲ್ಲಿ, ನೀನೂ ದೀಪವೂ ಗೊಂಬೆಗಳೂ ಓರೆಯಾಗಿ ಕಾಣುವಂತೆ. ನಾನು ತೆರೆಯ ಮುಂಭಾಗದಲ್ಲಿ, ನಿನಗೆ ಕಾಣದ ಕಡೆ ಕುಕ್ಕರಗಾಲಲ್ಲಿ ಕೂತಿದ್ದೆ. ಕ್ಯಾಮೆರಾದವನಿಗೆ ಮೊದಲೇ ಹೇಳಿದ್ದೆ, ಏನೇ ಆದರೂ ನಿಲ್ಲಿಸಬೇಡ ಎಂದು. ಅವನು ನನ್ನ ಮುಖವನ್ನೊಮ್ಮೆ ನೋಡಿ ಕ್ಯಾಮೆರಾ ಕಡೆ ತಿರುಗಿಕೊಂಡ.

"ಮುನಿಯಮ್ಮ, ಬತ್ತಿನೇ ನೋಡ್ತಾ ಇರಮ್ಮ. ಹಾಂ — ಈಗ ದೀಪ ಸ್ವಲ್ಪ ಎತ್ತು," ಎಂದೆ.

ನೀನು ಎತ್ತಿದೆ. ನಾನು ಕಡ್ಡಿ ಗೀರಿ ತೆರೆಯ ಕೆಳಅಂಚಿಗೆ ಹಿಡಿದೆ.

ತೆರೆಯೆಂದರೆ ಹಳೆಯ ಪಂಚೆ. ತಲೆಮಾರುಗಳ ಹರಳೆಣ್ಣೆಯ ಹೊಗೆ ಕುಡಿದ ತೊಗಲು. ಎಣಿಸುವಷ್ಟರಲ್ಲಿ ಮೇಲಕ್ಕೇರಿತು. ಗೊಂಬೆಗಳು ಬೆಂಕಿಯಲ್ಲಿ ಸುಮ್ಮನೆ ಉರಿಯಲಿಲ್ಲ ಮುನಿಯಮ್ಮ, ಅವು ಸುರುಟಿಕೊಂಡವು — ಕೈ ಎತ್ತಿದವು, ಬೆನ್ನು ಬಾಗಿಸಿದವು, ಮುಖ ತಿರುಗಿಸಿದವು. ನನಗೆ ಬೇಕಾದದ್ದೇ ಆಗುತ್ತಿತ್ತು. "ಅಣ್ಣಾ ಬೆಂಕಿ! ಅಣ್ಣಾ!" ಎಂದು ನೀನು ಕೂಗಿಕೊಂಡೆ. ನಾನು ಕ್ಯಾಮೆರಾ ಕಡೆ ತಿರುಗಿ "ನಡೀಲಿ, ನಡೀಲಿ" ಎಂದೆ. ನೀನು ಓಡಿಹೋಗುತ್ತೀ ಎಂದುಕೊಂಡಿದ್ದೆ. ನೀನು ಓಡಲಿಲ್ಲ. ಉರಿಯುವ ಹಗ್ಗದೊಳಗೆ ಕೈ ಹಾಕಿ ಒಂದೊಂದೇ ಗೊಂಬೆ ಎಳೆದೆ. ಎಳೆದದ್ದು ನಿನ್ನ ಬಲಗೈಗೆ ಅಂಟಿಕೊಂಡಿತು. ಬಿಡಿಸಿಕೊಳ್ಳದೆ ಇನ್ನೊಂದಕ್ಕೆ ಕೈ ಹಾಕಿದೆ. ರೀಲು ಮುಗಿದು ಕ್ಯಾಮೆರಾ ಖಾಲಿ ಸದ್ದು ಮಾಡಿದ ಮೇಲೆ ನಾನು ನಿನ್ನನ್ನು ಹಿಡಿದೆಳೆದೆ. ಅದಕ್ಕೂ ಮುಂಚೆ ಅಲ್ಲ.

ಸುಣ್ಣದ ತಿಳಿ, ಕೊಬ್ಬರಿಯೆಣ್ಣೆ ಕಲಸಿ ಯಾರೋ ನಿನ್ನ ಕೈಗೆ ಸುರಿದರು, ಬಾಳೆಲೆ ಸುತ್ತಿದರು. ನಮ್ಮ ಹತ್ತಿರ ಕಾರಿತ್ತು. ಕಾರಿನಲ್ಲಿ ಫಿಲ್ಮಿನ ಡಬ್ಬಗಳು ಹೋದವು. ನಿನಗೆ ಎತ್ತಿನ ಗಾಡಿ ಹೂಡಿಸಿದೆ.

ಗಾಡಿ ಹೂಡುತ್ತಿರುವಾಗಲೇ ಸಂಜೆಯ ಬಸ್ಸು ಬಂತು. ನಿನ್ನ ಅಪ್ಪ ಹಾರ್ಮೋನಿಯಂ ತಲೆಯ ಮೇಲಿಟ್ಟುಕೊಂಡು ಇಳಿದ. ಹೊಗೆ ನೋಡಿದ. ಜನ ದಾರಿ ಬಿಟ್ಟರು. ಒಳಗೆ ಹೋಗಿ ಬಂದವನು ನಿನ್ನ ಹತ್ತಿರ ಬರಲಿಲ್ಲ, ನನ್ನ ಹತ್ತಿರ ಬಂದ. ತಲೆಯ ಮೇಲಿನ ಭಾರ ಇಳಿಸುವುದನ್ನೂ ಮರೆತಿದ್ದ.

"ದೀಪ ಯಾರ ಕೈಲಿತ್ತು ನಾಯನಾ?"

"ಮುನಿಯಮ್ಮನ ಕೈಲಿ," ಎಂದೆ.

ಎರಡು ಪದ. ಎರಡೂ ನಿಜ. ನನ್ನ ಬದುಕಿನಲ್ಲಿ ನಾನಾಡಿದ ಅತಿ ದೊಡ್ಡ ಸುಳ್ಳು ಅದು. ನೀನು ಗಾಡಿಯಲ್ಲಿ ಕೂತು ಕೇಳಿಸಿಕೊಂಡೆ. ಅಲ್ಲ ಎನ್ನಲಿಲ್ಲ. ದೀಪ ಎತ್ತಿದ್ದು, ಬೆಂಕಿ ಹತ್ತಿದ್ದು ಒಂದೇ ಗಳಿಗೆ — ನಿನಗಾದರೂ ಬೇರೆ ಏನು ತೋಚಬೇಕಿತ್ತು? ಉಂಡ ಮನೆಗೆ ಎರಡು ಬಗೆದವರ ಕಥೆ ಕೇಳಿದ್ದೆ. ನಾನು ಬಗೆದದ್ದು ಎರಡಲ್ಲ. ಮನೆ ಸುಟ್ಟೆ, ಸುಟ್ಟ ಪಾಪವನ್ನು ಆ ಮನೆಯ ಮಗಳ ತಲೆಗೇ ಕಟ್ಟಿದೆ.

ನೀನು ಚಿಂತಾಮಣಿಯ ಆಸ್ಪತ್ರೆಯಲ್ಲಿರುವಾಗ ನಿನ್ನ ಅಪ್ಪ ಬೂದಿಯನ್ನೂ ಉಳಿದ ಚೂರುಗಳನ್ನೂ ಬುಟ್ಟಿಗೆ ತುಂಬಿ ಕೆರೆಗೆ ಹೊರಟ. ಬುಟ್ಟಿಯ ಇನ್ನೊಂದು ಕಡೆ ಹಿಡಿದವನು ನಾನು. ಅರಿಶಿನ ಕುಂಕುಮ ಹಾಕಿ ನೀರಿಗೆ ಬಿಟ್ಟ. ಸುಟ್ಟದ್ದು ಮುಳುಗಲಿಲ್ಲ, ದಡಕ್ಕೇ ಬಂದು ನಿಂತಿತು. ಅವನು ಕೈಯಿಂದ ಮತ್ತೆ ಮತ್ತೆ ಆಚೆ ತಳ್ಳಿದ. ಮೇಲೆ ಬಂದು ಪಂಚೆ ಹಿಂಡುತ್ತ, "ನೀನಿದ್ದಿದ್ದು ಒಳ್ಳೇದಾಯ್ತು ನಾಯನಾ. ಒಬ್ನೇ ಆಗಿದ್ರೆ ಆಗ್ತಿರ್ಲಿಲ್ಲ," ಎಂದ. ಉಳಿದದ್ದು ಆ ಗಣಪತಿ ಗೊಂಬೆ ಒಂದೇ. ಅದನ್ನು ತಂದು ನನ್ನ ಕೈಗಿಟ್ಟ. "ಇನ್ನು ಇದು ನಿಂದು. ಬೆಳಕಿನ ಕೆಲ್ಸ ನೀನು ಮುಂದುವರಿಸ್ತೀಯ. ಅವಳ ಕೈಗೆ ಕೊಡಲ್ಲ."

ನಾನು ಎರಡೂ ಕೈ ಚಾಚಿ ಇಸಿದುಕೊಂಡೆ. ಆಗಲಾದರೂ — ಆಗಲಾದರೂ ಹೇಳಬಹುದಿತ್ತು.

ನೀನು ಆಸ್ಪತ್ರೆಯಿಂದ ಬಂದ ದಿನ ನಾನು ನಿಮ್ಮ ಹೊಸ್ತಿಲ ಹೊರಗಿದ್ದೆ. ಸಂಜೆಯಾಗಿತ್ತು. ನೀನು ಎಡಗೈಯಲ್ಲಿ ದೀಪ ಹಚ್ಚಲು ಹೋದೆ. "ಇನ್ಮ್ಯಾಲೆ ಈ ಮನೇಲಿ ನೀನು ದೀಪ ಮುಟ್ಬೇಡ," ಎಂದ ನಿನ್ನ ಅಪ್ಪ. ದನಿ ಎತ್ತಲಿಲ್ಲ. ನೀನು ಕಡ್ಡಿಪೆಟ್ಟಿಗೆಯನ್ನು ಅಲ್ಲೇ ಕೆಳಗಿಟ್ಟೆ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ಆಮೇಲಿನದನ್ನು ಜನರ ಬಾಯಿಂದ ಕೇಳಿದೆ. ನಿನಗೆ ಗೊತ್ತು ಮಾಡಿದ್ದ ಗಂಡಿನವರು ದೇವರನ್ನು ಸುಟ್ಟ ಕೈ ಎಂದು ಹಿಂದೆ ಸರಿದರಂತೆ. ನಿನ್ನ ಅಪ್ಪ ಎರಡು ವರ್ಷ ಬದುಕಿದ, ಮಾತು ಕಡಿಮೆ ಮಾಡಿ. ಸತ್ತಾಗ ತಲೆಯ ದೆಸೆಯ ದೀಪವನ್ನೂ ನೀನು ಹಚ್ಚಲಿಲ್ಲವಂತೆ. ನೀನು ಶಿಡ್ಲಘಟ್ಟದ ತಂಗಿಯ ಮನೆ ಸೇರಿದೆ. ಅಲ್ಲಿ ಹೆಂಗಸರೆಲ್ಲ ರೇಷ್ಮೆ ಬಿಚ್ಚುವಾಗ, ಬಿಸಿನೀರಿನ ಗೂಡಿನಿಂದ ಎಳೆಯ ತುದಿ ಹಿಡಿಯಲು ನಿನ್ನ ಕೂಡಿಕೊಂಡ ಬೆರಳುಗಳಿಗೆ ಆಗದೆ, ಎಡಗೈಯಲ್ಲಿ ಗೂಡು ಆರಿಸುವ ಕೆಲಸಕ್ಕೆ ಕೂತೆ.

ನಾನು ಮದರಾಸಿನಲ್ಲಿ ಎಡಿಟಿಂಗ್ ಮೇಜಿನ ಮುಂದೆ ಕೂತೆ.

ಅಲ್ಲಿ ಒಂದು ಸಂಗತಿ ಕಂಡಿತು. ಕ್ಯಾಮೆರಾ ಎಷ್ಟು ಜಾಗ ನೋಡುತ್ತದೆ ಎಂಬುದನ್ನು ನಾನು ಆ ದಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿರಲಿಲ್ಲ. ನಿನ್ನ ಅಪ್ಪ ತೆರೆ ಅಳೆಯುವಂತೆ ಗೇಣು ಹಾಕಿ ನೆಲದಲ್ಲಿ ಗುರುತು ಮಾಡಿಕೊಂಡಿದ್ದೆ. ಶಾಲೆಯಲ್ಲಿ ಕಲಿತ ಯಾವ ಡೈರೆಕ್ಟರೂ ಹಾಗೆ ಮಾಡುವುದಿಲ್ಲ. ಕ್ಯಾಮೆರಾದ ಕಣ್ಣು ನನ್ನ ಗುರುತಿಗಿಂತ ಒಂದು ಗೇಣು ಹೆಚ್ಚಿಗೆ ನೋಡಿತ್ತು. ಮೂಲೆಯಲ್ಲಿ ತೆರೆಯ ಅಂಚಿನ ಕೆಳಗೆ ಒಂದು ಕೈ. ಬೆರಳಲ್ಲಿ ನಮ್ಮ ಮನೆತನದ ಉಂಗುರ. ಉರಿಯುವ ಕಡ್ಡಿ.

ಅಷ್ಟನ್ನು ಕತ್ತರಿಸಿದೆ. ಒಂದು ಸೆಕೆಂಡಿನ ಫಿಲ್ಮು. ಕೈಯಲ್ಲಿ ಹಿಡಿದು ನೋಡಿದರೆ ಸರಿಯಾಗಿ ಒಂದು ಮೊಳ. ನೆಗೆಟಿವ್ ಚೂರನ್ನು ಸುಟ್ಟುಹಾಕಿದೆ. ಪ್ರಿಂಟಿನ ಚೂರನ್ನೂ ಸುಡಬೇಕೆಂದು ಕಡ್ಡಿ ಗೀರಿದೆ — ಆಗಲಿಲ್ಲ. ಒಳ್ಳೆಯತನ ಎಂದುಕೊಳ್ಳಬೇಡ. ಅದು ಏನೆಂದು ನನಗೂ ಗೊತ್ತಿಲ್ಲ. ಒಂದು ನಶ್ಯದ ಡಬ್ಬಿಯಲ್ಲಿ ಸುರುಳಿ ಸುತ್ತಿ ಇಟ್ಟೆ.

ಸಿನಿಮಾ ಓಡಿತು. ಬೆಂಕಿಯ ದೃಶ್ಯ, ಬೆಂಕಿಯೊಳಕ್ಕೆ ಚಾಚುವ ಎರಡು ಕೈಗಳು — ಜನ ಅದನ್ನೇ ಆಡಿಕೊಂಡರು. ಯಾವ ನಟಿಯ ಕೈ ಎಂದು ಕೇಳಿದರು. ಹೆಸರುಗಳ ಪಟ್ಟಿಯಲ್ಲಿ ನಿನ್ನ ಹೆಸರೂ ಇರಲಿಲ್ಲ, ನಿನ್ನ ಅಪ್ಪನ ಹೆಸರೂ ಇರಲಿಲ್ಲ. ಪತ್ರಿಕೆಯವರು ಬಂದಾಗ ಗೋಡೆಯ ಗಣಪತಿ ಗೊಂಬೆಯನ್ನು ತೆಗೆದು ಟ್ರಂಕಿನೊಳಗಿಟ್ಟೆ. 'ಸ್ವಯಂಕಲಿತ ನಿರ್ದೇಶಕ' ಎಂದು ಬರೆದರು. ಓದಿ ಓದಿ ನಾನೇ ಅದನ್ನು ನಂಬಿದೆ.

ಚಿಕ್ಕಬಳ್ಳಾಪುರದ ಸನ್ಮಾನ ನಿನಗೆ ನೆನಪಿರಲೇಬೇಕು. ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತು, "ನನಗೆ ಯಾರೂ ಕಲಿಸಲಿಲ್ಲ. ಬೆಳಕೇ ನನಗೆ ಗುರು," ಎಂದೆ. ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಬಲಗೈಗೆ ಸೆರಗು ಸುತ್ತಿಕೊಂಡು ನೀನು ಕೂತದ್ದು ಆಗ ಕಂಡಿತು. ನಿನ್ನ ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಬಯ್ಯಲು ಬಂದಿದ್ದೀಯ ಎಂದುಕೊಂಡೆ. ಬಯ್ಯಲಿ ಎಂದೂ ಅನ್ನಿಸಿತು. ಎಲ್ಲ ಮುಗಿದ ಮೇಲೆ ನೀನು ಗೇಟಿನ ಹತ್ತಿರ ನಿಂತಿದ್ದೆ.

"ಅಣ್ಣಾ, ನೀವು ಅಲ್ಲೇ ಇದ್ರಿ. ಒಂದ್ ಮಾತು ಹೇಳಿ ಸಾಕು. ನಾನು ದೀಪ ಅಷ್ಟು ಹತ್ರ ಹಿಡಿದಿದ್ನಾ? ಅಳ್ದೇ ಇಟ್ಟಿದ್ದೆ ಅಣ್ಣಾ. ಎತ್ತಿದಾಗ ಏನಾದ್ರೂ ಮುಂದಕ್ಕೆ ಹೋಯ್ತಾ ಅಂತ... ನಂಗೆ ಗೊತ್ತಾಗ್ತಿಲ್ಲ."

ಇಷ್ಟೇ ಕೇಳಿದೆ ನೀನು. ನಾನು ನಿನ್ನ ತಲೆಯ ಮೇಲೆ ಕೈಯಿಟ್ಟು, ಸುತ್ತಲಿನವರಿಗೂ ಕೇಳುವಂತೆ, "ಆಗಿದ್ದಾಯ್ತು ಬಿಡಮ್ಮ. ನಿನ್ನ ಮೇಲೆ ನನಗೆ ಕೋಪ ಇಲ್ಲ," ಎಂದೆ.

ಬೆಂಕಿ ಹಚ್ಚಿದ್ದು ಒಂದು ಗಳಿಗೆಯ ದುರಾಸೆ ಎಂದು ಬೇಕಾದರೆ ಹೇಳಬಹುದು. ಇದಕ್ಕೆ ಏನು ಹೇಳಲಿ? ನಿನ್ನನ್ನು ಸುಟ್ಟ ನಾನೇ ನಿನ್ನನ್ನು ಕ್ಷಮಿಸಿದೆ. ನೀನು ಎಡಗೈಯಿಂದ ನನ್ನ ಕಾಲು ಮುಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಹೋದೆ.

ಆಮೇಲೆ ಇನ್ನೆರಡು ಸಿನಿಮಾ ಮಾಡಿದೆ. ಎರಡೂ ಬಿದ್ದವು. ಪಾಪದ ಫಲ ಎಂದು ಹೇಳಿದರೆ ಅದೂ ಕಥೆ ಕಟ್ಟಿದಂತೆ. ಎರಡೂ ಕೆಟ್ಟ ಸಿನಿಮಾ, ಅದಕ್ಕೆ ಬಿದ್ದವು. ಊರಿಗೆ ಬಂದು ಹಿಪ್ಪುನೇರಳೆ ಹಾಕಿ ಹುಳು ಸಾಕಿಕೊಂಡು ಕೂತೆ. ಹುಳುವಿನ ಮನೆಯ ಗೋಣಿ ಕತ್ತಲಲ್ಲಿ ದಿನಾ ಕೆಲಸ.

ಕಳೆದ ತಿಂಗಳು ಗೂಡು ಮಾರಲು ಶಿಡ್ಲಘಟ್ಟಕ್ಕೆ ಬಂದಿದ್ದೆ. ಸಂಜೆ ನಿಮ್ಮ ಬೀದಿಯಲ್ಲಿ ಹಾದೆ — ಬೇಕೆಂದೇ ಹಾದೆ, ಪ್ರತಿ ಸಲವೂ ಹಾಗೇ ಹಾಯುತ್ತೇನೆ. ಕರೆಂಟು ಹೋಗಿತ್ತು. ನೀನು ಬಾಗಿಲಲ್ಲಿ ಕೂತಿದ್ದೆ, ತಲೆ ಪೂರ್ತಿ ನರೆತಿದೆ. ಎದುರು ಮನೆಯಾಕೆ, "ದೀಪನಾದ್ರೂ ಹಚ್ಕೊಬಾರ್ದಾ ಮುನಿಯಮ್ಮಕ್ಕ," ಎಂದಳು. "ತಂಗಿ ಮಗಳು ಬರ್ತಾಳೆ, ಅವಳು ಹಚ್ತಾಳೆ ಬಿಡಮ್ಮ," ಎಂದೆ ನೀನು. ಅವಳು ಬರುವವರೆಗೂ ನೀನು ಕತ್ತಲಲ್ಲೇ ಕೂತಿದ್ದೆ. ಬೀದಿಯ ತಿರುವಿನಲ್ಲಿ ಗೂಡಿನ ಗಾಡಿಯ ಮರೆಯಲ್ಲಿ ನಾನೂ ನಿಂತಿದ್ದೆ. ನಲವತ್ತು ವರ್ಷ ನೀನು ಹೀಗೆ ಕೂತಿದ್ದೀಯ. ನಿನ್ನ ಅಪ್ಪ ಆಡಿದ ಮಾತನ್ನು ಇವತ್ತಿಗೂ ಮೀರಿಲ್ಲ. ಆ ಮಾತು ಅವನ ಬಾಯಿಗೆ ಬಂದದ್ದು ನನ್ನಿಂದ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಗಣಪತಿ ಗೊಂಬೆ ತರುತ್ತೇನೆ. ಅದು ಎಂದೂ ನನ್ನದಾಗಿರಲಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಆ ಮಾತನ್ನು ನಾನು ಚಿಕ್ಕಬಳ್ಳಾಪುರದ ಗೇಟಿನ ಹತ್ತಿರವೇ ಕೆಡಿಸಿಬಿಟ್ಟೆ. ನೀನು ಉಗಿದರೆ ಉಗಿಸಿಕೊಳ್ಳುತ್ತೇನೆ. ಬಾಗಿಲು ಹಾಕಿದರೆ ಹೊರಗೆ ಕೂತು ಓದುತ್ತೇನೆ, ನಿಮ್ಮ ಬೀದಿಯವರೂ ಕೇಳಲಿ. ನಿನ್ನ ಮೇಲಿನ ಮಾತು ಹತ್ತು ಜನರೆದುರು ಹುಟ್ಟಿತ್ತು, ಹತ್ತು ಜನರೆದುರೇ ಸಾಯಬೇಕು.

ಇವತ್ತು ನಶ್ಯದ ಡಬ್ಬಿ ತೆರೆದೆ. ಹುಳಿ ವಾಸನೆ ಹೊಡೆಯಿತು. ಫಿಲ್ಮು ಅಂಚಿನಲ್ಲಿ ಸುರುಟಿದೆ, ಆದರೂ ಚಿತ್ರ ಉಳಿದಿದೆ. ಅದನ್ನೂ ತರುತ್ತೇನೆ. ನಾನು ಓದಿದ್ದನ್ನು ನೀನು ನಂಬಬೇಕಾಗಿಲ್ಲ. ನನ್ನ ಮಾತನ್ನು ನಂಬಿ ನೀನು ಕೆಟ್ಟದ್ದು ಸಾಕು. ಎಡಗೈಯಲ್ಲಿ ಅದನ್ನು ಹಿಡಿದು ಕಿಟಕಿಯ ಬೆಳಕಿಗೆ ಎತ್ತು. ಅಕ್ಷರ ಬಾರದಿದ್ದರೇನು, ಬೆಳಕಿಗೆ ಹಿಡಿದದ್ದನ್ನು ನೋಡುವ ಕಣ್ಣು ನಿನಗಿಂತ ಯಾರಿಗಿದೆ? ಬತ್ತಿಯನ್ನೇ ನೋಡುತ್ತಿರುವ ಆ ಹುಡುಗಿ ನೀನು. ಮೂಲೆಯಲ್ಲಿರುವುದು ನನ್ನ ಕೈ. ತೆರೆ ನೋಡು, ಆಮೇಲೆ ದೀಪ ನೋಡು.

ಒಂದು ಮೊಳ ದೂರದಲ್ಲೇ ಇದೆ, ಮುನಿಯಮ್ಮ. ಎತ್ತಿದಾಗಲೂ.